ದೂರದ ಊರಿನ ಟರ್ನ್‌ಕೀ ಮನೆ: ಸಹಿ ಹಾಕುವ ಮೊದಲು ನೋಡಬೇಕಾದ ಲೆಕ್ಕ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಗೆಳೆಯರಲ್ಲಿ ಹಲವರು ಮೆಂಫಿಸ್, ಬರ್ಮಿಂಗ್‌ಹ್ಯಾಮ್, ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್‌ನಂತಹ ಊರುಗಳಲ್ಲಿ, ತಾವು ಒಮ್ಮೆಯೂ ಕಾಲಿಡದ ಬೀದಿಗಳಲ್ಲಿ, ಬಾಡಿಗೆ ಮನೆ ಕೊಳ್ಳುವ ಮಾತನಾಡುತ್ತಾರೆ. ಇಲ್ಲಿ ಸಾಧಾರಣ ಮನೆಯ ಬೆಲೆಯೇ ಹತ್ತು ಲಕ್ಷ ಡಾಲರ್ ದಾಟುವುದರಿಂದ ಬಾಡಿಗೆಯಲ್ಲಿ ಸಾಲದ ಕಂತು ತೀರುವುದಿಲ್ಲ. ಅಲ್ಲಿ ಅದರ ಒಂದು ಸಣ್ಣ ಪಾಲಿಗೆ ಮೂರು ಬೆಡ್‌ರೂಮಿನ ಮನೆ ಸಿಗುತ್ತದೆ. ಹಳೆಯ ಮನೆಯನ್ನು ಕೊಂಡು, ರಿಪೇರಿ ಮಾಡಿಸಿ, ಬಾಡಿಗೆದಾರರನ್ನು ತಂದು ಕೂರಿಸಿ, ಅದನ್ನು ನಮಗೆ ಮಾರಿ, ಆಮೇಲೆ ಬಾಡಿಗೆ ವಸೂಲಿಯನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವ ಕಂಪನಿಗಳಿವೆ. ಈ ಏರ್ಪಾಡನ್ನೇ ಟರ್ನ್‌ಕೀ ಎನ್ನುತ್ತಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೀಟಿಂಗುಗಳಲ್ಲಿ ಮುಳುಗಿರುವವರಿಗೆ ಇದು ಹೇಳಿ ಮಾಡಿಸಿದಂತೆ ಕಾಣುವುದು ಸಹಜ.

ಈ ದಾರಿಗೆ ನನ್ನ ವಿರೋಧವೇನೂ ಇಲ್ಲ. ಆದರೆ ಮಾರುವವರು, ಬಾಡಿಗೆ ಎಷ್ಟು ಬರುತ್ತದೆಂದು ಅಂದಾಜಿಸುವವರು, ಮುಂದೆ ಮನೆಯನ್ನು ನಿರ್ವಹಿಸುವವರು ಎಲ್ಲರೂ ಒಬ್ಬರೇ ಆಗಿರುವ ಈ ವ್ಯವಹಾರದಲ್ಲಿ, ಮಾರಾಟದಿಂದ ಯಾವ ಲಾಭವೂ ಇಲ್ಲದ ಒಬ್ಬರ ಬಾಯಿಂದ ಅಂಕಿಗಳನ್ನು ಕೇಳದೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಡುವಿಲ್ಲದವರು ತಮಗಿರುವ ಅಷ್ಟಿಷ್ಟು ಸಮಯವನ್ನೆಲ್ಲ ಕೊಳ್ಳುವ ಮೊದಲೇ ಖರ್ಚು ಮಾಡಬೇಕು. ಕೊಂಡ ಮೇಲೆ ಎಷ್ಟು ಹೊತ್ತು ಕೊಟ್ಟರೂ ಅದರಿಂದ ಆಗುವ ಉಪಯೋಗ ಕಡಿಮೆ.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಒಂದು ಮನೆಯ ಲೆಕ್ಕವನ್ನೇ ಉದಾಹರಣೆಗೆ ಹಾಕಿ ನೋಡೋಣ. ಬೆಲೆ 1,50,000 ಡಾಲರ್, ತಿಂಗಳ ಬಾಡಿಗೆ 1,300 ಡಾಲರ್ ಎಂದುಕೊಳ್ಳಿ. ನಾಲ್ಕನೇ ಒಂದು ಭಾಗ, ಅಂದರೆ 37,500 ಡಾಲರ್ ಕೈಯಿಂದ ಹಾಕಿ, ಉಳಿದದ್ದಕ್ಕೆ 7.5 ಶೇಕಡಾ ಬಡ್ಡಿಯಲ್ಲಿ 30 ವರ್ಷದ ಸಾಲ ತೆಗೆದುಕೊಂಡರೆ ಕಂತು ಸುಮಾರು 787 ಡಾಲರ್ ಆಗುತ್ತದೆ. ಕಂಪನಿ ಕಳುಹಿಸುವ ಹಾಳೆಯಲ್ಲಿ ಆಸ್ತಿ ತೆರಿಗೆಗೆ 87, ವಿಮೆಗೆ 80, ನಿರ್ವಹಣೆಗೆ ಬಾಡಿಗೆಯ 8 ಶೇಕಡಾ ಎಂದು 104 ಕಳೆದು, ತಿಂಗಳಿಗೆ 242 ಡಾಲರ್ ನಿಮ್ಮ ಕೈಗೆ ಎಂದು ದಪ್ಪಕ್ಷರದಲ್ಲಿ ತೋರಿಸಿರುತ್ತಾರೆ. ಹಾಕಿದ ಹಣಕ್ಕೆ ವರ್ಷಕ್ಕೆ ಏಳೂವರೆ ಶೇಕಡಾಕ್ಕಿಂತ ತುಸು ಹೆಚ್ಚು. ನೋಡಲು ಚೆನ್ನಾಗಿಯೇ ಇದೆ.

ಈಗ ಅದೇ ಹಾಳೆಯನ್ನು ಸಾಲು ಸಾಲಾಗಿ ನೋಡಬೇಕು. ಅಲಬಾಮಾದಲ್ಲಿ ಮಾಲೀಕರೇ ವಾಸಿಸುವ ಮನೆಗೆ ಅದರ ಮೌಲ್ಯದ 10 ಶೇಕಡಾ ಭಾಗಕ್ಕೆ ಮಾತ್ರ ತೆರಿಗೆ ಹಾಕಿದರೆ, ಬಾಡಿಗೆಗೆ ಕೊಟ್ಟ ಮನೆಗೆ 20 ಶೇಕಡಾ ಭಾಗಕ್ಕೆ ಹಾಕುತ್ತಾರೆ. ಹಾಳೆಯಲ್ಲಿರುವುದು ಹಿಂದೆ ಅಲ್ಲಿ ವಾಸವಿದ್ದವರು ಕಟ್ಟಿದ ತೆರಿಗೆಯಾಗಿದ್ದರೆ ನಿಮ್ಮ ಪಾಲಿಗೆ ಅದು ನೇರವಾಗಿ ಎರಡು ಪಟ್ಟು. ಇಂಡಿಯಾನಾದಲ್ಲೂ ಇಂಥದೇ ವ್ಯತ್ಯಾಸವಿದೆ: ವಾಸದ ಮನೆಗೆ ತೆರಿಗೆಯ ಮಿತಿ ಮೌಲ್ಯದ 1 ಶೇಕಡಾ, ಬಾಡಿಗೆ ಮನೆಗೆ 2 ಶೇಕಡಾ. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನ ನೆರಳಿನಲ್ಲಿ, ಆಸ್ತಿಯ ಮೌಲ್ಯವನ್ನು ತೆರಿಗೆಗಾಗಿ ವರ್ಷಕ್ಕೆ 2 ಶೇಕಡಾಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ನಿಯಮಕ್ಕೆ ಒಗ್ಗಿಹೋದವರಿಗೆ ಈ ಸಾಲು ಕಣ್ಣಿಗೆ ಬೀಳುವುದೇ ಇಲ್ಲ.

ತೆರಿಗೆಗೆ ಇನ್ನೊಂದು 87, ಬಾಡಿಗೆ ಮನೆಯ ವಿಮೆಗೆ ಇನ್ನೊಂದು 30 ಸೇರಿಸಿ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಇರುತ್ತದೆಂದು 108, ಸಣ್ಣಪುಟ್ಟ ರಿಪೇರಿಗೆ 100, ಎರಡು ವರ್ಷಕ್ಕೊಮ್ಮೆ ಹೊಸ ಬಾಡಿಗೆದಾರರನ್ನು ತಂದಾಗ ನಿರ್ವಹಣೆಯವರು ಪಡೆಯುವ ಒಂದು ತಿಂಗಳ ಬಾಡಿಗೆಯ ಲೆಕ್ಕದಲ್ಲಿ 54 ಹಿಡಿಯಿರಿ. ಬರುತ್ತದೆಂದ 242 ಡಾಲರ್ ಹೋಗಿ, ತಿಂಗಳಿಗೆ 137 ಡಾಲರ್ ನಾವೇ ಕೈಯಿಂದ ಹಾಕುವ ಸ್ಥಿತಿ ಬರುತ್ತದೆ. ಚಾವಣಿ, ಮನೆ ಬೆಚ್ಚಗಿಡುವ ಫರ್ನೇಸ್, ವಾಟರ್ ಹೀಟರ್ ಇವನ್ನು ನಾನಿನ್ನೂ ಮುಟ್ಟಿಯೇ ಇಲ್ಲ. ಫರ್ನೇಸಿನ ಬೆಲೆ ಮನೆಯ ಬೆಲೆಗೆ ತಕ್ಕಂತೆ ಇಳಿಯುವುದಿಲ್ಲ ಎಂಬುದನ್ನು ಅಗ್ಗದ ಮನೆ ಹುಡುಕುವವರು ಮರೆಯುತ್ತಾರೆ. ಹತ್ತು ಲಕ್ಷದ ಮನೆಯಲ್ಲಿ ಲೆಕ್ಕಕ್ಕೇ ಬಾರದ ಖರ್ಚು, ಒಂದೂವರೆ ಲಕ್ಷದ ಮನೆಯಲ್ಲಿ ಹಲವು ತಿಂಗಳ ಬಾಡಿಗೆಯನ್ನು ನುಂಗಿಬಿಡುತ್ತದೆ.

ಹಾಗಾದರೆ ಕೊಳ್ಳಲೇಬಾರದೇ? ಬೆಲೆಯಲ್ಲಿ ಚೌಕಾಶಿ ಮಾಡಬಹುದು, ಹೆಚ್ಚು ಹಣ ಕೈಯಿಂದ ಹಾಕಬಹುದು, ಬೇರೆ ಮನೆ ನೋಡಬಹುದು. ಸರಿಯಾದ ಲೆಕ್ಕ ಕೈಯಲ್ಲಿದ್ದರೆ ಈ ಮೂರೂ ಸಾಧ್ಯ. ಇನ್ನೊಂದು ಕಡೆಯಿಂದ ನೋಡಿದರೆ, 30 ವರ್ಷ ಬಡ್ಡಿಯ ದರ ಬದಲಾಗದ ಸಾಲ ಅಮೆರಿಕದಲ್ಲಿ ಸಿಗುವ ದೊಡ್ಡ ಅನುಕೂಲ. ಭಾರತದಲ್ಲಿ ಗೃಹಸಾಲ ಮಾಡಿದವರಿಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಏರಿದಾಗಲೆಲ್ಲ ಕಂತು ಇಲ್ಲವೇ ಅವಧಿ ಬೆಳೆದ ಅನುಭವವಿರುತ್ತದೆ. ಇಲ್ಲಿ ಬಾಡಿಗೆ ಮೆಲ್ಲಗೆ ಏರಿದರೂ ಕಂತು ಇದ್ದಲ್ಲೇ ಇರುತ್ತದೆ. 2021ರಲ್ಲಿ ವಾಸದ ಮನೆಯ ಸಾಲ 3 ಶೇಕಡಾದ ಆಸುಪಾಸಿನಲ್ಲಿ ಸಿಗುತ್ತಿದ್ದಾಗ, ಬಾಡಿಗೆ ಮನೆಯ ಸಾಲಕ್ಕೆ ತುಸು ಹೆಚ್ಚು ಬಡ್ಡಿ ತೆತ್ತವರೂ ಚೆನ್ನಾಗಿಯೇ ಉಳಿದುಕೊಂಡರು. 2023ರ ಅಕ್ಟೋಬರಿನಲ್ಲಿ ಅದೇ ದರ 8ರ ಹತ್ತಿರ ಹೋಯಿತು. 2021ರ ಗೆಲುವಿನ ಕಥೆಗಳನ್ನು ಈಗಿನ ಬಡ್ಡಿಗೆ ಅಂಟಿಸಿ ನೋಡಬಾರದು.

ನಮ್ಮವರು ಬೆಂಗಳೂರಿನಿಂದ ಹೊತ್ತು ತರುವ ಇನ್ನೊಂದು ನಂಬಿಕೆಯನ್ನೂ ಇಲ್ಲಿ ಹೇಳಬೇಕು. ಅಲ್ಲಿ ಬಾಡಿಗೆ ಅಷ್ಟಕ್ಕಷ್ಟೇ ಬಂದರೂ ಸೈಟಿನ ಬೆಲೆ ಏರುತ್ತಲೇ ಇರುತ್ತದೆಂಬ ಭರವಸೆಯ ಮೇಲೆ ಮನೆ ಕಟ್ಟುತ್ತಾರೆ. ಕ್ಲೀವ್‌ಲ್ಯಾಂಡ್ ಅಥವಾ ಮೆಂಫಿಸ್‌ನ ಅಗ್ಗದ ಬಡಾವಣೆಯಲ್ಲಿ ಬೆಲೆಯ ಹೆಚ್ಚಿನ ಪಾಲು ಮರದ ಕಟ್ಟಡದ್ದು, ನೆಲದ್ದಲ್ಲ. ಏರುವ ನೆಲ ಸ್ವಲ್ಪ, ಸವೆಯುವ ಮನೆ ಹೆಚ್ಚು. ಅಲ್ಲಿ ಲಾಭವೆಂಬುದು ಬಾಡಿಗೆಯಿಂದಲೇ ಬರಬೇಕು.

ಕೊಳ್ಳುವ ಮೊದಲು ಮಾಡಬಹುದಾದ ಕೆಲಸಗಳಲ್ಲಿ ಅತ್ಯಂತ ಅಗ್ಗದ್ದು ಒಂದು ಫೋನ್ ಕರೆ. ಆ ಊರಿನಲ್ಲಿ ಮಾರಾಟಗಾರರಿಗೆ ಸಂಬಂಧವಿಲ್ಲದ ಇನ್ನೊಂದು ನಿರ್ವಹಣಾ ಕಂಪನಿಗೆ ಕರೆ ಮಾಡಿ, ಇಂಥ ಬೀದಿಯ ಮನೆಯನ್ನು ನೀವು ನಿರ್ವಹಿಸುತ್ತೀರಾ, ಎಷ್ಟು ಬಾಡಿಗೆಗೆ ಕೊಡುತ್ತೀರಿ ಎಂದು ಕೇಳಿ. ಆ ಬೀದಿಗೆ ನಾವು ಹೋಗುವುದಿಲ್ಲ ಎಂದರೆ ವಿಷಯ ಅಲ್ಲಿಗೇ ಮುಗಿಯಿತು. 1,300 ಅಲ್ಲ, 1,100 ಎಂದರೆ ಲೆಕ್ಕವನ್ನು ಮತ್ತೆ ಹಾಕಬೇಕು. ಅವರ ಕರಾರನ್ನೂ ತರಿಸಿ ಓದಿ: ರಿಪೇರಿಯ ಬಿಲ್ಲಿನ ಮೇಲೆ ತಮ್ಮ ಪಾಲು ಸೇರಿಸುತ್ತಾರೆಯೇ, ಎಷ್ಟು ಡಾಲರ್‌ವರೆಗಿನ ರಿಪೇರಿಯನ್ನು ನಿಮ್ಮನ್ನು ಕೇಳದೆ ಮಾಡಿಸಬಹುದು, ಬಿಟ್ಟುಹೋಗಬೇಕೆಂದರೆ ಎಷ್ಟು ದಿನದ ನೋಟಿಸು ಕೊಡಬೇಕು.

ಮನೆಯನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ನೀವೇ ಗೊತ್ತು ಮಾಡಿದವರಾಗಿರಬೇಕು. ಹೊಸ ಬಣ್ಣ, ಹೊಸ ಕಾರ್ಪೆಟ್, ಹೊಳೆಯುವ ಅಡುಗೆಮನೆ ಫೋಟೋದಲ್ಲಿ ಕಾಣುತ್ತವೆ; ಅಂಗಳದ ಕೆಳಗಿನ ಒಳಚರಂಡಿ ಕೊಳವೆ ಕಾಣುವುದಿಲ್ಲ. ಹಳೆಯ ಮನೆಗಳಲ್ಲಿ ಈ ಕೊಳವೆ ಹಲವು ಕಡೆ ಸುಟ್ಟ ಮಣ್ಣಿನದು. ಅದರ ಕೀಲುಗಳ ಸಂದಿನಲ್ಲಿ ಮರದ ಬೇರು ನುಗ್ಗಿ, ಬಾಡಿಗೆದಾರರು ಬಂದ ಮೇಲೆ ನೀರು ಹಿಂದಕ್ಕೆ ಉಕ್ಕುತ್ತದೆ. ಸಾಮಾನ್ಯ ಇನ್‌ಸ್ಪೆಕ್ಷನ್ನಿನಲ್ಲಿ ಇದನ್ನು ನೋಡುವುದಿಲ್ಲ. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡುವಂತೆ ಬೇರೆಯಾಗಿ ಹೇಳಿ, ಅದಕ್ಕೆ ಕೆಲವು ನೂರು ಡಾಲರ್ ಕೊಡಬೇಕು. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಪ್ರಶ್ನೆಯೂ ಇದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಅಂಥ ಬಾಡಿಗೆ ಮನೆಗೆ ಸೀಸದಿಂದ ಅಪಾಯವಿಲ್ಲವೆಂಬ ಪ್ರಮಾಣಪತ್ರ ಬೇಕೆಂಬ ಕಾನೂನು 2019ರಲ್ಲಿ ಬಂದಿತು. ಬಾಡಿಗೆದಾರರು ಇದ್ದಾರೆ ಎನ್ನುವ ಮಾತನ್ನೂ ಹಾಗೆಯೇ ಒಪ್ಪಿಕೊಳ್ಳದೆ, ಕರಾರಿನ ತಾರೀಖು, ಈವರೆಗೆ ಬಾಡಿಗೆ ಕಟ್ಟಿದ ದಾಖಲೆ, ಠೇವಣಿ ನಿಮಗೆ ವರ್ಗವಾಗುವ ಬಗೆ ಇವನ್ನು ಕೇಳಿ ಪಡೆಯಿರಿ.

ತೆರಿಗೆ ಉಳಿಯುತ್ತದೆ ಎಂಬ ಆಸೆಯಿಂದ ಕೊಳ್ಳುವವರಿಗೆ ಒಂದು ಮಾತು. ಕಟ್ಟಡದ ಬೆಲೆಯನ್ನು 27.5 ವರ್ಷಗಳಲ್ಲಿ ಸವಕಳಿಯಾಗಿ, ಅಂದರೆ ವರ್ಷವರ್ಷದ ಖರ್ಚಾಗಿ, ತೋರಿಸಬಹುದು ಎಂಬುದು ನಿಜ. ಆದರೆ ಅದರಿಂದ ಕಾಣುವ ನಷ್ಟವನ್ನು ಸಂಬಳದ ಎದುರು ಕಳೆಯಲು ಇರುವ 25,000 ಡಾಲರಿನ ಸೌಲಭ್ಯ, ಆದಾಯ ಒಂದು ಲಕ್ಷ ದಾಟಿದ ಮೇಲೆ ಕರಗುತ್ತಾ, 1,50,000ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿ ದುಡಿಯುವ ಮನೆಯಲ್ಲಿ ಅದು ಮೊದಲ ವರ್ಷದಿಂದಲೇ ಸಿಗುವುದಿಲ್ಲ; ನಷ್ಟ ಮುಂದಿನ ವರ್ಷಗಳಿಗೆ ಜಮೆಯಾಗುತ್ತಾ ಹೋಗುತ್ತದೆ, ಅಷ್ಟೆ. ಮೆಂಫಿಸ್ ಇರುವ ಟೆನೆಸಿಯಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂದು ಖುಷಿಪಡುವಂತೆಯೂ ಇಲ್ಲ, ಇಲ್ಲಿ ವಾಸಿಸುವವರ ಅಲ್ಲಿನ ಆದಾಯವೂ ಕ್ಯಾಲಿಫೋರ್ನಿಯಾದ ಲೆಕ್ಕಕ್ಕೆ ಸೇರುತ್ತದೆ. ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಮಾಡಿಕೊಂಡು ಇಲ್ಲಿಂದಲೇ ನಡೆಸಿದರೆ ರಾಜ್ಯಕ್ಕೆ ವರ್ಷಕ್ಕೆ ಕನಿಷ್ಠ 800 ಡಾಲರ್ ಕಟ್ಟಬೇಕಾಗುತ್ತದೆ, ಒಂದೇ ಮನೆ ಇರುವವರಿಗೆ ಇದು ಭಾರ. ಎಚ್-1ಬಿ ವೀಸಾದಲ್ಲಿರುವವರು ಬಾಡಿಗೆ ಮನೆಯ ಮಾಲೀಕರಾಗಲು ಅಡ್ಡಿಯಿಲ್ಲ. ಆದರೆ ನಿರ್ವಹಣೆಯನ್ನು ತಾವೇ ಉದ್ಯೋಗದಂತೆ ನಡೆಸಲು ಹೊರಟರೆ ತೊಡಕಾಗಬಹುದು, ವಕೀಲರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಮಾರುವ ದಿನದ ಯೋಚನೆಯೂ ಕೊಳ್ಳುವ ದಿನವೇ ಬರಬೇಕು. ಬಾಡಿಗೆದಾರರು ಕೂತಿರುವ ಮನೆಯನ್ನು ವಾಸಕ್ಕೆಂದು ಯಾರೂ ಸುಲಭವಾಗಿ ಕೊಳ್ಳುವುದಿಲ್ಲ, ಕೊಳ್ಳುವವರು ನಮ್ಮಂಥ ಹೂಡಿಕೆದಾರರೇ. ಅವರೂ ಇದೇ ಲೆಕ್ಕ ಹಾಕಿಯೇ ಬೆಲೆ ಹೇಳುತ್ತಾರೆ. ಏಜೆಂಟರ ಕಮಿಷನ್ನೂ ಸೇರಿದರೆ ಎರಡು ಮೂರು ವರ್ಷದಲ್ಲಿ ಹೊರಬರುವವರಿಗೆ ನಷ್ಟ ಬಹುತೇಕ ಖಚಿತ. ಆ ಬೀದಿಯಲ್ಲಿ ವಾಸಿಸುವ ಮಾಲೀಕರು ಎಷ್ಟು ಜನ ಎಂದು ತಿಳಿಯಲು ವಿಮಾನ ಹತ್ತಬೇಕಿಲ್ಲ. ಬಹಳಷ್ಟು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಆಸ್ತಿ ದಾಖಲೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಪ್ರತಿ ಮನೆಯ ಮುಂದೆ ತೆರಿಗೆ ಬಿಲ್ಲು ಹೋಗುವ ವಿಳಾಸವಿರುತ್ತದೆ. ಅಕ್ಕಪಕ್ಕದ ಇಪ್ಪತ್ತು ಮನೆಗಳನ್ನು ಒಂದು ಸಂಜೆ ಕೂತು ನೋಡಿ. ಹೆಚ್ಚಿನ ಬಿಲ್ಲುಗಳು ಕ್ಯಾಲಿಫೋರ್ನಿಯಾಕ್ಕೂ ವಾಷಿಂಗ್ಟನ್ ರಾಜ್ಯಕ್ಕೂ ಹೋಗುತ್ತಿದ್ದರೆ, ನೀವು ಮಾರಲು ಹೊರಟ ವರ್ಷವೇ ಅವರೂ ಮಾರಲು ಹೊರಟಿರುವ ಸಂಭವವಿದೆ. ಆಗ ಆ ಬೀದಿಗೆ ವಾಸಕ್ಕೆ ಬರುವ ಕುಟುಂಬಗಳು ಎಷ್ಟಿರುತ್ತವೆ ಎಂಬುದರ ಮೇಲೆಯೇ ಮನೆಯ ಬೆಲೆ ನಿಲ್ಲುತ್ತದೆ.