ಕವಿತೆಯಲ್ಲಿ ನಾನೆಲ್ಲಿ?

ನೆನಪಿನ ಮೇಲೆ ಕವಿತೆ ಬರೆಯುವವರಿಗೆ ವಿಮರ್ಶಕರ ಭಯ ಅಷ್ಟಾಗಿ ಇರುವುದಿಲ್ಲ. ಭಯವೇನಿದ್ದರೂ ಮನೆಯವರದು. ವಿಮರ್ಶಕ ಲಯ ನೋಡುತ್ತಾನೆ, ಪ್ರತಿಮೆ ನೋಡುತ್ತಾನೆ. ಮನೆಯವರು ಮೊದಲು ಕೇಳುವುದು, ಇದೆಲ್ಲ ಹೀಗೇ ನಡೆದದ್ದಾ ಅಂತ. ಅದು ಮುಗಿಯುವ ಹೊತ್ತಿಗೆ ಎರಡನೆಯದು ಬರುತ್ತದೆ: ನಾನೂ ಅಲ್ಲೇ ಇದ್ದೆನಲ್ಲ, ಕವಿತೆಯಲ್ಲಿ ನಾನೆಲ್ಲಿ?

ನಾನೊಮ್ಮೆ ಅತ್ತೆಯ ಛತ್ರಿಯ ಮೇಲೆ ಬರೆದಿದ್ದೆ. ನಮ್ಮನ್ನು ಶಾಲೆಯಿಂದ ಕರೆದುಕೊಂಡು ಬರಲು ಅತ್ತೆ ಅದನ್ನು ಹಿಡಿದು ಬರುತ್ತಿದ್ದಳು. ಒಂದು ಕಡ್ಡಿ ಬಟ್ಟೆ ಬಿಟ್ಟು ಹೊರಗೆ ಚಾಚಿಕೊಂಡಿತ್ತು. ಅದರ ತುದಿಯ ನೀರು ಸರಿಯಾಗಿ ನನ್ನ ಎಡಗಿವಿಯ ಹಿಂದೆ ತೊಟ್ಟಿಕ್ಕಿ, ಕತ್ತಿನಗುಂಟ ಇಳಿದು ಅಂಗಿಯೊಳಗೆ ಸೇರುತ್ತಿತ್ತು. ಕವಿತೆಯಲ್ಲಿ ಛತ್ರಿ ಕಪ್ಪು. ಅಕ್ಕ ಓದಿ, "ಅದು ಹಸಿರು ಕಣೋ" ಅಂದಳು. ಬರೆಯುವಾಗ ನನಗೂ ಗೊತ್ತಿತ್ತು. ಆದರೆ ಮೇಲಿನ ಸಾಲಿನ ಕೊನೆಗೆ 'ನೆಪ್ಪು' ಬಂದು ಕೂತುಬಿಟ್ಟಿತ್ತು. ಹಸಿರು ಅದಕ್ಕೆ ಹೇಗೂ ಜೊತೆಯಾಗಲಿಲ್ಲ. "ಸರಿ, ನಾನೂ ಅದೇ ಛತ್ರಿ ಕೆಳಗೆ ನಡೀತಿದ್ದೆ. ನಾನೆಲ್ಲಿ ಹೋದೆ?" ಇದಕ್ಕೆ ಉತ್ತರ ಕಷ್ಟ. ಒಂದು ಛತ್ರಿಯಲ್ಲಿ ಹೇಗೋ ಮೂರು ಜನ ಹಿಡಿಯುತ್ತಾರೆ. ನಾಲ್ಕು ಸಾಲಿನಲ್ಲಿ ಹಿಡಿಯುವುದಿಲ್ಲ.

ತಮಾಷೆ ಇರುವುದು ಆಮೇಲೆ. ಈಗ ಕಣ್ಣು ಮುಚ್ಚಿ ಅತ್ತೆಯನ್ನು ನೆನೆಸಿಕೊಂಡರೆ ಕೈಯಲ್ಲಿ ಕಪ್ಪು ಛತ್ರಿಯೇ ಕಾಣುತ್ತದೆ. ಹಸಿರು ಅನ್ನುವುದು ಅಕ್ಕ ಹೇಳಿದ ಮಾತಾಗಿ ಮಾತ್ರ ಉಳಿದಿದೆ. ಕವಿತೆ ನೆನಪನ್ನು ಕಾಪಾಡುತ್ತದೆ ಅಂತಾರೆ. ನನ್ನ ಪಾಲಿಗಂತೂ ಅದು ನೆನಪಿನ ಜಾಗದಲ್ಲಿ ತಾನೇ ಕೂತಿದೆ. ಫ್ರೆಡರಿಕ್ ಬಾರ್ಟ್‌ಲೆಟ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1932ರಲ್ಲೇ ಇಂಥದ್ದನ್ನು ತೋರಿಸಿದ್ದ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದ. ಹೇಳುತ್ತಾ ಹೋದಂತೆ ಕಥೆ ಚಿಕ್ಕದಾಯಿತು. ವಿಚಿತ್ರವೆನಿಸಿದ್ದೆಲ್ಲ ಜಾರಿಹೋಯಿತು. ಸೀಲ್ ಬೇಟೆಗೆ ಹೊರಟವರು ಕೆಲವರ ಬಾಯಲ್ಲಿ ಸುಮ್ನೆ ಮೀನು ಹಿಡಿಯಲು ಹೋದರು. ಪ್ರಾಸ, ಗೀಸ ಏನೂ ಇಲ್ಲದೆಯೇ ಇಷ್ಟು! ಇನ್ನು ಪ್ರಾಸವೂ ಸೇರಿಕೊಂಡರೆ ಕೇಳಬೇಕಾ?

ಬಣ್ಣ ಬದಲಾದರೆ ನನಗೇನೂ ಬೇಸರವಿಲ್ಲ. ಬೇಸರವಾಗುವುದು ಏನೂ ಕಾಣದೇ ಹೋದಾಗ. ಎಷ್ಟೋ ಕವಿತೆಗಳಲ್ಲಿ ನೆನಪು ಅಂದ ಕೂಡಲೇ ಬುತ್ತಿ ಬಿಚ್ಚಿಕೊಳ್ಳುತ್ತದೆ, ಜೋಳಿಗೆ ಬರುತ್ತದೆ, ಮಳೆ ಶುರುವಾಗುತ್ತದೆ. ಅಜ್ಜಿಯಂತೂ ಎಲ್ಲರ ಕವಿತೆಯಲ್ಲೂ ಒಬ್ಬಳೇ. ಬೊಚ್ಚುಬಾಯಿ, ಸುಕ್ಕುಗಟ್ಟಿದ ಕೈ, ಮುಗಿಯದ ಕಥೆ. ಬೈಯುವ ಅಜ್ಜಿ, ಒಬ್ಬ ಮೊಮ್ಮಗನನ್ನು ಕಂಡರೆ ಜಾಸ್ತಿ ಪ್ರೀತಿ, ಇನ್ನೊಬ್ಬನನ್ನು ಕಂಡರೆ ಅಷ್ಟಕ್ಕಷ್ಟೇ ಅನ್ನುವ ಅಜ್ಜಿ, ಇವರೆಲ್ಲ ಎಲ್ಲಿಗೆ ಹೋದರು? ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನೋದು ಸರಿಯೇ. ಆದರೆ ಈ ಕವಿಗಳು ಒಳ್ಳೆಯದನ್ನೂ ಆಡಿರುವುದಿಲ್ಲ. ಯಾರದೋ ಅಜ್ಜಿಯನ್ನು ತಂದು ತಮ್ಮ ಅಜ್ಜಿ ಅಂತ ಕೂರಿಸಿರುತ್ತಾರೆ ಅಷ್ಟೇ.

ಅದಕ್ಕೇ ಈಗ ನಾನು ಕವಿತೆಗೆ ಮೊದಲು ಒಂದು ಪುಟ ಗದ್ಯ ಬರೆದಿಟ್ಟುಕೊಳ್ಳುತ್ತೇನೆ. ಯಾರು ಯಾರು ಇದ್ದರು, ಯಾರು ಏನು ಅಂದರು, ಬಣ್ಣ ಯಾವುದು, ಎಲ್ಲ ಅದರಲ್ಲಿ. ಆಮೇಲೆ ಕವಿತೆ ಎಷ್ಟು ಸುಳ್ಳು ಬೇಕಾದರೂ ಹೇಳಿಕೊಳ್ಳಲಿ, ಸಾಕ್ಷಿ ಕಪಾಟಿನಲ್ಲಿದೆ.

ಅಂಥ ಒಂದು ಪುಟ ವರ್ಡ್ಸ್‌ವರ್ತ್ ಕವಿಯ ಮನೆಯಲ್ಲೂ ಇತ್ತು. ಅವನ ಡ್ಯಾಫೋಡಿಲ್ ಹೂವಿನ ಕವಿತೆ ಶುರುವಾಗುವುದೇ ತಾನು ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ ಅಂತ. ಒಬ್ಬನೇ ಎಲ್ಲಿ ಬಂತು? 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಜೊತೆಗೆ ತಂಗಿ ಡೊರೊಥಿ ನಡೆಯುತ್ತಿದ್ದಳು. ಜೋರು ಗಾಳಿ. ಅವಳು ಡೈರಿಯಲ್ಲಿ ಆ ಹೂಗಳನ್ನು ಎಷ್ಟು ಚೆನ್ನಾಗಿ ಬರೆದಿಟ್ಟಿದ್ದಾಳೆ ಅಂದರೆ, ಕೆಲವು ದಣಿದವರಂತೆ ಕಲ್ಲಿನ ಮೇಲೆ ತಲೆಯಿಟ್ಟು ಒರಗಿದ್ದವಂತೆ, ಉಳಿದವು ಗಾಳಿಯ ಜೊತೆ ನಗುತ್ತಾ ಕುಣಿಯುತ್ತಿದ್ದವಂತೆ. ಕವಿತೆ ಅಚ್ಚಾದದ್ದು 1807ರಲ್ಲಿ. ಅದರಲ್ಲಿ ಕುಣಿತ ಉಳಿಯಿತು, ಕಲ್ಲಿನ ಮೇಲೆ ಒರಗಿದ ಹೂವು ಹೋಯಿತು, ತಂಗಿಯೂ ಹೋದಳು. ನನಗಂತೂ ಆ ದಣಿದ ಹೂಗಳೇ ಜಾಸ್ತಿ ಇಷ್ಟ. ಇನ್ನೊಂದು ವಿಷಯ ಇದೆ. ಏಕಾಂತದಲ್ಲಿ ಒಳಗಣ್ಣಿಗೆ ಆ ಹೂಗಳು ಮಿಂಚುತ್ತವೆ ಅನ್ನುವ ಎರಡು ಸಾಲು ಅವನ ಹೆಂಡತಿ ಮೇರಿಯದು. ಕವಿತೆಯ ಅತ್ಯುತ್ತಮ ಸಾಲುಗಳು ಅವೇ ಅಂತ ಅವನೇ ಒಪ್ಪಿಕೊಂಡಿದ್ದ.

ಸಮಾಧಾನವಾಗಲಿ ಅಂತ ಈ ಕಥೆಯನ್ನು ಅಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ತಂಗಿಯನ್ನ ಹೊರಗೆ ಹಾಕಿದ, ಹೆಂಡತಿ ಸಾಲನ್ನ ಒಳಗೆ ಹಾಕಿಕೊಂಡ. ಹೆಸರು ಮಾತ್ರ ಅವನದು. ನಿನಗೆ ಗುರು ಸರಿಯಾಗೇ ಸಿಕ್ಕಿದಾನೆ" ಅಂದಳು.