ಕಸ ಒಯ್ಯುವವರಿಗೂ ಒಂದು ಮಾತಿರಲಿ

ಬೆಂಗಳೂರಿನ ಗೆಳೆಯರು ನಾನೀಗ ಇರುವ ಪುಣೆಗೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: "ಈ ಊರು ನಮ್ಮೂರಿಗಿಂತ ಕ್ಲೀನ್ ಅಲ್ವಾ?" ಅಂಥ ವ್ಯತ್ಯಾಸವೇನೂ ಇಲ್ಲ ಅಂತಲೇ ನಾನು ಹೇಳುತ್ತೇನೆ. ಮುಠಾ ನದಿಯ ಪಕ್ಕ ನಿಂತರೆ ನಮ್ಮ ಬೆಂಗಳೂರಿನ ಕೊಳಕು ನದಿ ವೃಷಭಾವತಿ ನೆನಪಾಗುತ್ತದೆ. ರಸ್ತೆ ತಿರುವಿನ ಕಸದ ರಾಶಿ ಇಲ್ಲೂ ಇದೆ. ಆದರೆ ಒಂದು ವಿಷಯದಲ್ಲಿ ಪುಣೆ ಬೇರೆ ದಾರಿ ಹಿಡಿದಿದೆ. ಊರಿನ ಬಹಳಷ್ಟು ಕಡೆ ಮನೆ ಬಾಗಿಲಿಗೆ ಬಂದು ಕಸ ಒಯ್ಯುವವರು ಯಾವ ಗುತ್ತಿಗೆದಾರನ ಕೈಕೆಳಗೂ ಇಲ್ಲ. ಅವರದೇ ಒಂದು ಸಹಕಾರಿ ಸಂಘ ಇದೆ, ಹೆಸರು 'ಸ್ವಚ್ಛ್'. ಅದರ ಮಾಲೀಕರು ಅವರೇ.

ಇದು ಪಾಲಿಕೆಯ ಯೋಜನೆಯಾಗಿ ಮೇಲಿಂದ ಇಳಿದು ಬಂದದ್ದಲ್ಲ. ಇಲ್ಲಿ ಚಿಂದಿ ಆಯುವ ಕೆಲಸಕ್ಕಿಳಿದವರಲ್ಲಿ ಎಷ್ಟೋ ಜನ 1972ರ ಬರಗಾಲದಲ್ಲಿ ಮರಾಠವಾಡದ ಕಡೆಯಿಂದ ಬಂದ ದಲಿತ ಕುಟುಂಬಗಳ ಹೆಂಗಸರು. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಅವರ ಜೊತೆ ಕೆಲಸ ಶುರು ಮಾಡಿದರು. ಹಮಾಲರ ಸಂಘಟನೆ ಕಟ್ಟಿದ ಬಾಬಾ ಆಢಾವ್ ಬೆನ್ನಿಗೆ ನಿಂತರು. 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಅನ್ನುವ ಚಿಂದಿ ಆಯುವವರ ಸಂಘಟನೆ ಹುಟ್ಟಿತು. ಆ ಸಂಘಟನೆಯ ಬಲದ ಮೇಲೆ 2008ರಲ್ಲಿ ಪಾಲಿಕೆಯ ಜೊತೆ ಕರಾರು ಮಾಡಿಕೊಂಡು 'ಸ್ವಚ್ಛ್' ಮನೆ ಮನೆಗೆ ಹೋಗತೊಡಗಿತು. ಈಗ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಮೊದಲು ಸಂಘಟನೆ, ಆಮೇಲೆ ಕರಾರು. ಈ ಕ್ರಮ ಬಹಳ ಮುಖ್ಯ ಅಂತ ನನಗನಿಸುತ್ತದೆ.

ನಮ್ಮ ಸೊಸೈಟಿಗೆ ಬರುವವರನ್ನು ಎಲ್ಲರೂ ಮಾವಶಿ ಅಂತಲೇ ಕರೆಯುತ್ತೇವೆ. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಹಸಿ ಕಸಕ್ಕೊಂದು ಡಬ್ಬ, ಒಣ ಕಸಕ್ಕೊಂದು ದೊಡ್ಡ ಚೀಲ. ಬಾಗಿಲಲ್ಲೇ ಡಬ್ಬ ಬಗ್ಗಿಸಿ ನೋಡುತ್ತಾರೆ. ಟೀ ಸೊಪ್ಪಿನ ಜೊತೆ ಹಾಲಿನ ಕವರ್ ಕಂಡರೆ ಅಲ್ಲೇ ತೆಗೆದು ತೋರಿಸುತ್ತಾರೆ. ಮಕ್ಕಳ ಡೈಪರ್, ಪ್ಯಾಡು ಇದ್ದರೆ ಹಳೆ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕಿ ಹಾಕಿರಬೇಕು. ಚುಕ್ಕಿ ಇಲ್ಲದೆ ಕೊಟ್ಟ ಮನೆಯವರಿಗೆ ಎಲ್ಲರೆದುರೇ ಹೇಳಿಬಿಡುತ್ತಾರೆ, "ಇದರೊಳಗೆ ಕೈ ಹಾಕುವವಳು ನಾನು." ಇದಕ್ಕೆ ಎದುರು ಮಾತಾಡಿದವರನ್ನು ನಾನು ಕಂಡಿಲ್ಲ.

ಆಮೇಲೆ ಪಾರ್ಕಿಂಗ್ ಮೂಲೆಯಲ್ಲಿ ಕೂತು ಒಣ ಕಸ ಬೇರೆ ಮಾಡುತ್ತಾರೆ. ರಟ್ಟು ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ಗಟ್ಟಿ ಪ್ಲಾಸ್ಟಿಕ್ ಇನ್ನೊಂದು ಕಡೆ. ಹಾಲಿನ ಕವರಿಗೆ ಬೆಲೆ ಇದೆ, ಚಿಪ್ಸ್ ಪ್ಯಾಕೆಟ್ಟಿಗೆ ಇಲ್ಲ. ಗುಜರಿಗೆ ಮಾರಿದ ದುಡ್ಡು ಅವರದೇ. ಪ್ರತಿ ಮನೆಯವರು ತಿಂಗಳ ಶುಲ್ಕವನ್ನೂ ನೇರ ಅವರಿಗೇ ಕೊಡುತ್ತಾರೆ. ಹಾಗಾಗಿ ನಾವು ಸರಿಯಾಗಿ ಬೇರೆ ಮಾಡಿ ಕೊಟ್ಟರೆ ಅವರ ಸಂಪಾದನೆ ಹೆಚ್ಚುತ್ತದೆ, ಬೆರೆಸಿ ಕೊಟ್ಟರೆ ಅವರ ಹೊಟ್ಟೆಗೆ ಹೊಡೆತ. ಇದು ಎರಡೂ ಕಡೆಯವರಿಗೆ ಗೊತ್ತಿದೆ. ಯಾವ ಪೋಸ್ಟರೂ ಇಷ್ಟು ಚೆನ್ನಾಗಿ ಪಾಠ ಹೇಳಲಾರದು.

ಬೆಂಗಳೂರು ಏನೂ ಮಾಡಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಕಸ ಹೋಗಿ ಬೀಳುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರದವರು 2012ರಲ್ಲಿ, ಮಂಡೂರಿನವರು 2014ರಲ್ಲಿ ನಿಮ್ಮ ಕಸ ನಮಗೆ ಬೇಡ ಅಂದಾಗ ಊರೇ ನಾರಿತ್ತು. ಅದಾದ ಮೇಲೆ ಬಡಾವಣೆಗಳ ಸಾಮಾನ್ಯ ಜನ, ಅದರಲ್ಲೂ ಹೆಂಗಸರು, ಬೀದಿಗಿಳಿದು ಕೆಲಸ ಮಾಡಿದರು. 2015ರ ಕೊನೆಗೆ ಹೈಕೋರ್ಟು ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು (ಹಸಿ ಕಸಕ್ಕೊಂದು, ಡೈಪರಿನಂಥ ಕಸಕ್ಕೊಂದು ಡಬ್ಬ, ಒಣ ಕಸಕ್ಕೆ ಚೀಲ) ಕಡ್ಡಾಯ ಮಾಡಿತು. ವಾರ್ಡಿಗೊಂದು ಒಣ ಕಸದ ಕೇಂದ್ರ ಅನ್ನುವ ಯೋಚನೆಯೇ ದೊಡ್ಡದು. ಅಂಥ ಎಷ್ಟೋ ಕೇಂದ್ರಗಳನ್ನು ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಹಿಂದೆ ಪುಣೆಯ ಸಂಘಟನೆ ಕಟ್ಟುವಾಗ ಜೊತೆಗಿದ್ದ ನಳಿನಿ ಶೇಖರ್ ಬೆಂಗಳೂರಿಗೆ ಬಂದು, ಚಿಂದಿ ಆಯುವವರ ಜೊತೆ ಕೆಲಸ ಮಾಡುವ 'ಹಸಿರು ದಳ' ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಅಂದರೆ ಎರಡೂ ಊರುಗಳ ನಡುವೆ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇದೆ.

ಆದರೆ ಬೆಂಗಳೂರಿನ ಮನೆ ಬಾಗಿಲಲ್ಲಿ ಚಿತ್ರ ಬೇರೆ. ಬೆಳಿಗ್ಗೆ ಆಟೋ ಟಿಪ್ಪರ್ ಬರುತ್ತದೆ, ನಾವು ಓಡಿ ಹೋಗಿ ಸುರಿಯುತ್ತೇವೆ, ಅದು ಹೊರಡುತ್ತದೆ. ಅದರಲ್ಲಿ ದುಡಿಯುವವರಿಗೆ ಸಂಬಳ ಕೊಡುವುದು ಬಹುತೇಕ ಗುತ್ತಿಗೆದಾರ. ಅವನಿಗೆ ಬೇಕಾಗಿರುವುದು ಗಾಡಿ ಬೇಗ ತುಂಬುವುದು. ಹೀಗಿರುವಾಗ ನಾನು ಬೇರೆ ಮಾಡಿ ಕೊಟ್ಟರೂ, ಬೆರೆಸಿ ಕೊಟ್ಟರೂ ಗಾಡಿಯಲ್ಲಿ ದುಡಿಯುವ ಹುಡುಗನಿಗೆ ಏನು ಲಾಭ? 2025ರ ಏಪ್ರಿಲ್‌ನಿಂದ ಕಸದ ಶುಲ್ಕವನ್ನೂ ಆಸ್ತಿ ತೆರಿಗೆಯ ಜೊತೆ ಸೇರಿಸಿದರು. ವಸೂಲಿಗೆ ಅದು ಸುಲಭ, ನಿಜ. ಆದರೆ ಕೊಡುವವರಿಗೂ ಒಯ್ಯುವವರಿಗೂ ನಡುವೆ ಹುಟ್ಟಬಹುದಾಗಿದ್ದ ಒಂದು ಸಂಬಂಧ ಅಲ್ಲಿಗೆ ಮುಗಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಬಹಳ ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಂಕಟವಾಯಿತು. ಆ ಕಸವನ್ನು ಹೊತ್ತು ತಂದು ಸುರಿದವರೂ, ಮತ್ತೆ ಬಾಚಿ ತೆಗೆದವರೂ ಕೂಲಿ ಕೆಲಸದವರೇ ಅಲ್ವಾ?

ಊರಿನ ಕಾರ್ಯಕ್ರಮಗಳಲ್ಲೂ ಇದೇ ಫರಕು ಕಾಣುತ್ತದೆ. ಬೆಂಗಳೂರಿನ ಕೆರೆ ಹಬ್ಬಗಳು ನನಗೆ ತುಂಬಾ ಇಷ್ಟ. ಕಡಲೆಕಾಯಿ ಪರಿಷೆಗೆ ಕೈಚೀಲ ತನ್ನಿ ಅನ್ನುವ ಪ್ರಚಾರ, ಮದುವೆ ಮುಂಜಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕುಗಳು, ಇವು ಪುಣೆಯವರು ನಮ್ಮಿಂದ ಕಲಿಯಬೇಕಾದವು. ಆದರೆ ಬೆಂಗಳೂರಲ್ಲಿ ಮೈಕು ಯಾವಾಗಲೂ ತಿಳಿದವರ ಕೈಯಲ್ಲಿ, ಪೊರಕೆ ಇನ್ನೊಬ್ಬರ ಕೈಯಲ್ಲಿ. ಇಲ್ಲಿ ಪುಣೆಯಲ್ಲಿ 'ವಿ ಕಲೆಕ್ಟ್' ಅಂತ ಒಂದು ಕಾರ್ಯಕ್ರಮ ನಡೆಯುತ್ತದೆ. ಬಡಾವಣೆಯ ಒಂದು ಜಾಗದಲ್ಲಿ ಮೇಜು ಹಾಕಿರುತ್ತಾರೆ. ಹಳೆ ಬಟ್ಟೆ, ಬ್ಯಾಗು, ಕುರ್ಚಿ, ಕೆಟ್ಟ ಮಿಕ್ಸಿ ಎಲ್ಲ ತಂದು ಕೊಡಬಹುದು. ತೆಗೆದುಕೊಂಡು ವಿಂಗಡಿಸುವವರು ಸಂಘದ ಹೆಂಗಸರೇ. ಯಾವ ಬಟ್ಟೆ ಇನ್ನೂ ಉಡಬಹುದು, ಯಾವುದು ಒರೆಸುವುದಕ್ಕೆ, ಕೈಯಲ್ಲಿ ಮುಟ್ಟಿ ಹೇಳುತ್ತಾರೆ. ಅಲ್ಲಿ ವಿಷಯ ತಿಳಿದವರು ಅವರು, ಕಲಿಯಬೇಕಾದವರು ನಾವು.

ಗಣೇಶೋತ್ಸವದ ಕೊನೆಯ ದಿನಗಳಲ್ಲಿ ಮೂರ್ತಿ ಬಿಡುವ ನದಿ ಘಾಟಿಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನೀರಿಗೆ ಇಳಿಯುವ ಮೊದಲೇ ಹೂವು, ಗರಿಕೆ, ಹಾರ ಎಲ್ಲವನ್ನೂ ಇದೇ ಹೆಂಗಸರು ಕೇಳಿ ಇಸಿದುಕೊಳ್ಳುತ್ತಾರೆ. ಅದು ಗೊಬ್ಬರಕ್ಕೆ ಹೋಗುತ್ತದೆ. ಉಳಿದ ದಿನ ಹೊಸ್ತಿಲ ಆಚೆ ನಿಲ್ಲುವವರ ಕೈಗೆ ಅವತ್ತು ಜನ ದೇವರ ಹಾರ ಕೊಟ್ಟು ಕೈ ಮುಗಿಯುತ್ತಾರೆ. ಮೂರ್ತಿಯ ವಿಷಯದಲ್ಲಿ ಮಾತ್ರ ನನ್ನ ಮತ ನಮ್ಮೂರಿಗೇ. ಇಲ್ಲಿ ಪ್ಲಾಸ್ಟರ್ ಗಣಪತಿ ಜಾಸ್ತಿ. ಅದನ್ನು ಮನೆಯ ಬಕೆಟ್ಟಿನಲ್ಲೇ ಕರಗಿಸಲು ಅಮೋನಿಯಂ ಬೈಕಾರ್ಬೊನೇಟ್ ಪುಡಿಯನ್ನು ಪಾಲಿಕೆ ಪುಕ್ಕಟೆ ಹಂಚುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಕಂಡುಹಿಡಿದ ಉಪಾಯ ಇದು. ತಳದಲ್ಲಿ ಸುಣ್ಣದಂಥ ಪುಡಿ ಉಳಿಯುತ್ತದೆ, ಮೇಲಿನ ನೀರು ಗಿಡಕ್ಕೆ ಗೊಬ್ಬರ. ಬುದ್ಧಿವಂತಿಕೆಯೇ ಸರಿ. ಆದರೂ ಮಣ್ಣಿನ ಗಣಪನನ್ನು ತಂದರೆ ಇಷ್ಟೆಲ್ಲ ಬೇಕೇ ಇಲ್ಲ.

ಇಲ್ಲಿನ ಕೊರತೆಗಳೂ ಕಣ್ಣಿಗೆ ಹೊಡೆಯುತ್ತವೆ. ಪುಣೆಯ ಕಸ ಸುರಿಯುತ್ತಿದ್ದ ಉರುಳಿ ದೇವಾಚಿಯ ಗುಡ್ಡಕ್ಕೆ 2017ರಲ್ಲಿ ಬೆಂಕಿ ಬಿದ್ದು ಊರವರು ಲಾರಿ ತಡೆದರು. ಮಂಡೂರಿನವರದೇ ಕಥೆ ಅದು. 'ಸ್ವಚ್ಛ್' ಕರಾರು ಮುಗಿದಾಗ ನವೀಕರಿಸಲು ಪಾಲಿಕೆಯವರು ಸತಾಯಿಸಿದರು. ಗುತ್ತಿಗೆದಾರರಿಗೆ ಕೊಡುವ ಮಾತೂ ಬಂತು. ಆಗ ಇವರೇ ಬೇಕು ಅಂತ ಮನೆಗಳವರು ದನಿ ಎತ್ತಿದರು. ಇನ್ನೊಂದು ದೊಡ್ಡ ಕೊರತೆ ಇದೆ. ಈ ಹೆಂಗಸರಿಗೆ ಪಾಲಿಕೆಯ ತಿಂಗಳ ಸಂಬಳ ಇಲ್ಲ. ಮಳೆಯಲ್ಲಿ, ಕಾಯಿಲೆಯಲ್ಲಿ ರಜೆ ಹಾಕಿದರೆ ಬದಲಿ ಆಳನ್ನು ಅವರೇ ಹುಡುಕಬೇಕು. ಕರ್ನಾಟಕ ಸರ್ಕಾರ 2025ರ ಮೇ ಒಂದರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಕೊಟ್ಟಿತು. ಎಷ್ಟೋ ವರ್ಷ ಹೋರಾಡಿ ಗಳಿಸಿದ್ದು ಅದು. ಇಲ್ಲಿನ ಮಾವಶಿಗೆ ಆ ಭದ್ರತೆ ಸಿಕ್ಕಿಲ್ಲ.

ಹಾಗಾಗಿ ಪುಣೆಯನ್ನು ಹಾಗೇ ಎತ್ತಿ ಬೆಂಗಳೂರಲ್ಲಿ ಇಡಿ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿಗೆ ಈಗ ಐದು ನಗರ ಪಾಲಿಕೆಗಳಾಗಿವೆ. ಒಂದಾದರೂ ಪಾಲಿಕೆ ಎರಡೋ ಮೂರೋ ವಾರ್ಡುಗಳನ್ನು ಆರಿಸಿಕೊಳ್ಳಲಿ. ಅಲ್ಲಿ ಒಣ ಕಸದ ಕೇಂದ್ರ ನಡೆಸುತ್ತಿರುವವರ ಸಂಘಕ್ಕೇ ಮನೆ ಮನೆಯ ಕೆಲಸವನ್ನೂ ವಹಿಸಲಿ. ಗಾಡಿ ಪಾಲಿಕೆಯದಿರಲಿ, ಕನಿಷ್ಠ ವೇತನ, ಇಎಸ್‌ಐ ಆರೋಗ್ಯ ವಿಮೆ ಪಾಲಿಕೆಯೇ ಕೊಡಲಿ, ಮಾರಿದ ರಟ್ಟು ಬಾಟಲಿಯ ದುಡ್ಡು ಅವರದಾಗಲಿ. ಬೆರೆಸಿ ಕೊಟ್ಟ ಕಸವನ್ನು ಬಾಗಿಲಲ್ಲೇ ವಾಪಸ್ ಮಾಡುವ ಹಕ್ಕೂ ಅವರಿಗಿರಲಿ. ಆ ವಾರ್ಡುಗಳ ಸಭೆಗೆ ಅವರನ್ನೂ ಕರೆದು, ಮೊದಲು ಅವರ ಕೈಗೆ ಮೈಕು ಕೊಡಲಿ.