ಪೆಟ್ರೋಲ್ ಮೀಟರ್ ಗಂಟೆಗೊಂದು ಲೆಕ್ಕ ಹೇಳಬಾರದು

ದೂರದೂರಿಗೆ ಹೋಗೋಕೆ ಅಂತಲೇ ಮಾಡಿದ ಬೈಕು ನನ್ನದು. ದೊಡ್ಡ ಟ್ಯಾಂಕು, ಎರಡೂ ಪಕ್ಕ ಪೆಟ್ಟಿಗೆ ಕಟ್ಟಲು ಜಾಗ, ಮುಂದೆ ಬಣ್ಣದ ಸ್ಕ್ರೀನು. ಫೋನ್ ಬಂದರೆ ತೋರಿಸುತ್ತದೆ. ದಾರಿ ತೋರಿಸುತ್ತದೆ. ಯಾವ ಗೇರ್‌ನಲ್ಲಿ ಇದ್ದೀನಿ ಅಂತ ಹೇಳುತ್ತದೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ ಅನ್ನೋದನ್ನು ಮಾತ್ರ ಸರಿಯಾಗಿ ಹೇಳುವುದಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ. ಬೇರೆ ಬೇರೆ ಕಂಪನಿಗಳ ಟೂರಿಂಗ್ ಬೈಕ್ ಓಡಿಸುವ ಗೆಳೆಯರೂ ಇದೇ ದೂರು ಹೇಳುತ್ತಾರೆ, ಹಾಗಾಗಿ ಒಬ್ಬರ ಮೇಲೆ ಹಾಕಿ ಪ್ರಯೋಜನವಿಲ್ಲ.

ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೊರಟೆ ಅಂದುಕೊಳ್ಳಿ. ತುಮಕೂರು ದಾಟುವಾಗ ಮೀಟರ್‌ನಲ್ಲಿ ಐದು ಕಡ್ಡಿ. ಶಿರಾ ಹತ್ತಿರ ಬರುವಷ್ಟರಲ್ಲಿ ಮೂರು. ಅಲ್ಲಿ ಟೀ ಕುಡಿದು ಬಂದು ಕೀ ತಿರುಗಿಸಿದರೆ ನಾಲ್ಕು! ಹಿರಿಯೂರಿನ ಹತ್ತಿರ ಒಂದು ಫ್ಲೈಓವರ್ ಹತ್ತಿ ಇಳಿದರೆ ಸೀದಾ ಎರಡಕ್ಕೆ ಬಂದು ನಿಲ್ಲುತ್ತದೆ, ಮಿನುಗಲು ಶುರು ಮಾಡುತ್ತದೆ. ಇನ್ನೆಷ್ಟು ದೂರ ಹೋಗಬಹುದು ಅಂತ ತೋರಿಸುವ ಅಂಕಿಯೂ ಈ ಕಡ್ಡಿಗಳನ್ನು ನಂಬಿಕೊಂಡೇ ಲೆಕ್ಕ ಹಾಕುವುದು. ಅದು 140 ಅಂತ ಇದ್ದದ್ದು ಒಂದೇ ಸಲ 60 ಆಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ 110.

ನನ್ನ ತಕರಾರು ಮೀಟರ್ ತಪ್ಪು ತೋರಿಸುತ್ತದೆ ಅನ್ನೋದಲ್ಲ. ಒಂದೇ ಥರ ತಪ್ಪು ತೋರಿಸಿದರೆ ಅದರ ಜೊತೆ ಆರಾಮಾಗಿ ಬದುಕಬಹುದು. ಯಾವಾಗಲೂ ಹತ್ತು ನಿಮಿಷ ಮುಂದೆ ಇರುವ ಗೋಡೆ ಗಡಿಯಾರ ಎಷ್ಟೋ ಮನೆಯಲ್ಲಿ ಇರುತ್ತದೆ, ಅದರಿಂದ ಯಾರೂ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ. ನನ್ನ ಮೀಟರ್ ಗಂಟೆಗೊಂದು ತಪ್ಪು ಹೇಳುತ್ತದೆ. ಅದಕ್ಕೆ ಯಾವ ಲೆಕ್ಕವನ್ನೂ ಹೊಂದಿಸಿಕೊಳ್ಳೋಕೆ ಆಗಲ್ಲ.

ಬೈಕಿನಲ್ಲಿ ಪೆಟ್ರೋಲ್ ಅಳೆಯುವುದು ಕಾರಿನಷ್ಟು ಸುಲಭವಲ್ಲ, ಅದನ್ನು ಒಪ್ಪುತ್ತೇನೆ. ಕಾರಿನ ಟ್ಯಾಂಕ್ ಕೆಳಗೆ ಅಗಲವಾಗಿ ಮಲಗಿರುತ್ತದೆ. ಬೈಕಿನ ಟ್ಯಾಂಕ್ ಫ್ರೇಮಿನ ಮೇಲೆ ಕೂತಿರುತ್ತದೆ, ಹೊಟ್ಟೆಯೊಳಗೆ ಫ್ರೇಮಿಗೆ ಜಾಗ ಬಿಟ್ಟಿರಬೇಕು. ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದಿಂಚು ಪೆಟ್ರೋಲೂ ಕೆಳಗಿನ ಒಂದಿಂಚು ಪೆಟ್ರೋಲೂ ಒಂದೇ ಅಳತೆಯಲ್ಲ. ಅದಕ್ಕೇ ಮೊದಲ ಅರ್ಧ ನಿಧಾನಕ್ಕೆ ಇಳಿದಂತೆ ಕಾಣುತ್ತದೆ, ಉಳಿದರ್ಧ ದಬದಬ ಇಳಿಯುತ್ತದೆ. ಘಾಟ್ ಹತ್ತುವಾಗ ಪೆಟ್ರೋಲ್ ಹಿಂದಕ್ಕೆ, ಇಳಿಯುವಾಗ ಮುಂದಕ್ಕೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಎಡಕ್ಕೆ. ಇದೆಲ್ಲ ಇದ್ದದ್ದೇ. ಕಂಪನಿಯವರಿಗೂ ಗೊತ್ತು, ಅದಕ್ಕೇ ಮೀಟರ್ ತಕ್ಷಣ ಕುಣಿಯದ ಹಾಗೆ ಬೇಕಂತಲೇ ನಿಧಾನ ಮಾಡಿರುತ್ತಾರೆ.

ಆದರೆ ನನ್ನ ಬೈಕಿನ ತೊಂದರೆ ಬೇರೆ. ಅದನ್ನು ಕಣ್ಣಾರೆ ನೋಡಿದ್ದು ಶಿರಸಿಯಲ್ಲಿ, ಒಬ್ಬ ಹಳೇ ಮೆಕ್ಯಾನಿಕ್ ಅಂಗಡಿಯಲ್ಲಿ. ಟ್ಯಾಂಕ್ ಬಿಚ್ಚಿ, ತಳದಿಂದ, ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಹೊರಗೆ ತೆಗೆದರು. ಅದರ ಪಕ್ಕದಲ್ಲೇ ಒಂದು ತೆಳ್ಳಗಿನ ತಂತಿ ತೋಳು, ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ಫ್ಲೋಟ್, ಅಂದರೆ ಪೆಟ್ರೋಲ್ ಮೇಲೆ ತೇಲುವ ತುಂಡು. ಪೆಟ್ರೋಲ್ ಇಳಿದ ಹಾಗೆ ಫ್ಲೋಟ್ ಇಳಿಯುತ್ತದೆ. ತೋಳಿನ ಇನ್ನೊಂದು ತುದಿಯಲ್ಲಿ ಪುಟ್ಟ ಲೋಹದ ನಾಲಿಗೆ ಇದೆ, ಅದು ಒಂದು ಪಟ್ಟಿಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ನಾಲಿಗೆ ಎಲ್ಲಿದೆ ಅನ್ನುವುದರ ಮೇಲೆ ಕರೆಂಟಿಗೆ ಎಷ್ಟು ತಡೆ ಅನ್ನೋದು ಬದಲಾಗುತ್ತದೆ. ಆ ತಡೆಯನ್ನೇ ಮೀಟರ್ ಕಡ್ಡಿಗಳಾಗಿ ತೋರಿಸುವುದು. ಇಷ್ಟೇ ಯಂತ್ರ.

ಮೆಕ್ಯಾನಿಕ್ ಎರಡು ವೈರಿಗೆ ಆ ತಡೆ ಅಳೆಯುವ ಮಲ್ಟಿಮೀಟರ್ ಹಚ್ಚಿ, ಬೆರಳಿನಿಂದ ಫ್ಲೋಟನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು. ಅಂಕಿ ಒಂದೇ ಸಮ ಬದಲಾಗುತ್ತಾ ಹೋಯಿತು. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಒಂದು ಜಾಗದಲ್ಲಿ ಮಾತ್ರ ಅಂಕಿ ಮಾಯ. ಇನ್ನೊಂದು ಕೂದಲೆಳೆ ಎತ್ತಿದರೆ ಮತ್ತೆ ಬಂತು. "ನೋಡಿ ಸರ್, ಇಲ್ಲಿ ಬಂದ್ಕೂಡ್ಲೆ ಕೈ ಬಿಡ್ತಾ ಇದೆ" ಅಂದರು. ಪಟ್ಟಿಯ ಮೇಲೆ ಅದೇ ಜಾಗದಲ್ಲಿ ಸವೆದ ಗೆರೆ, ಸುತ್ತ ಕಂದು ಬಣ್ಣದ ಅಂಟು. ಹತ್ತಿ ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿದರು, ನಾಲಿಗೆಯನ್ನು ಸ್ವಲ್ಪ ಬಗ್ಗಿಸಿ ಕೂರಿಸಿದರು. ಮಳೆಯಲ್ಲಿ ಓಡಿಸಿ ಹಸಿರುಗಟ್ಟಿದ್ದ ಕನೆಕ್ಟರನ್ನೂ ತೊಳೆದು ಹಾಕಿದರು. ಕೆಲವು ತಿಂಗಳು ಸರಿಯಾಗಿತ್ತು. ಆಮೇಲೆ ಅದೇ ಕಥೆ. ಸವೆದದ್ದು ಸವೆದೇ ಹೋಗಿದೆ ಅಲ್ವಾ.

ಹೊಸದು ಹಾಕಿಸೋಣ ಅಂತ ಸರ್ವೀಸ್ ಸೆಂಟರಿಗೆ ಹೋದರೆ ಮೊದಲ ಉತ್ತರ, "ಎಲ್ಲಾ ಬೈಕೂ ಹೀಗೇ ಸರ್." ನಮ್ಮ ಮೆಕ್ಯಾನಿಕ್ ತೋರಿಸಿದ್ದನ್ನು ವಿವರಿಸಿದ ಮೇಲೆ ಎರಡನೇ ಉತ್ತರ ಬಂತು: ಆ ಫ್ಲೋಟ್ ಒಂದನ್ನೇ ಕೊಡುವುದಿಲ್ಲ, ಟ್ಯಾಂಕಿನೊಳಗಿನ ಪಂಪ್ ಸಮೇತ ಇಡೀ ಸೆಟ್ ಕೊಳ್ಳಬೇಕು. ಪಂಪ್ ಸರಿಯಾಗಿಯೇ ಇದೆ. ಒಂದು ತಂತಿ, ಒಂದು ಪಟ್ಟಿ, ಒಂದು ಪ್ಲಾಸ್ಟಿಕ್ ತುಂಡಿಗಾಗಿ ಸಾವಿರಾರು ರೂಪಾಯಿಯ ಸೆಟ್ ಯಾಕೆ ಕೊಳ್ಳಬೇಕು? ನನಗೆ ಸಿಟ್ಟು ಬರುವುದು ಇಲ್ಲಿ. ಸವೆಯುವ ವಸ್ತು ಅಂತ ಗೊತ್ತಿದ್ದ ಮೇಲೆ ಅದನ್ನು ಬಿಡಿಯಾಗಿ ಮಾರಬೇಕು. ಬ್ರೇಕ್ ಪ್ಯಾಡ್ ಸವೆದರೆ ಇಡೀ ಚಕ್ರ ಕೊಳ್ಳಿ ಅನ್ನೋದಿಲ್ಲವಲ್ಲ.

ನಮ್ಮಪ್ಪನ ಹತ್ತಿರ ಮೈಸೂರಿನಲ್ಲೇ ತಯಾರಾದ ಯೆಜ್ಡಿ ಇತ್ತು. ಅದರಲ್ಲಿ ಪೆಟ್ರೋಲ್ ಮೀಟರೇ ಇರಲಿಲ್ಲ. ಟ್ಯಾಂಕಿನ ಕೆಳಗೆ ಒಂದು ನಲ್ಲಿ. ಆ ನಲ್ಲಿಯಿಂದ ಟ್ಯಾಂಕಿನೊಳಗೆ ಎರಡು ದಾರಿ, ಒಂದರ ಬಾಯಿ ಎತ್ತರದಲ್ಲಿ, ಇನ್ನೊಂದರ ಬಾಯಿ ತಳದಲ್ಲಿ. ಎತ್ತರದ ಬಾಯಿಗಿಂತ ಪೆಟ್ರೋಲ್ ಕೆಳಗಿಳಿದರೆ ಗಾಡಿ ಮುಕ್ಕರಿಸುತ್ತದೆ. ಓಡಿಸುತ್ತಲೇ ಎಡಗೈ ಕೆಳಗೆ ಹಾಕಿ ನಲ್ಲಿ ತಿರುಗಿಸಿದರೆ ರಿಸರ್ವ್. ಕರೆಂಟ್ ಬೇಡ, ಸೆನ್ಸರ್ ಬೇಡ. ರಿಸರ್ವ್‌ಗೆ ಬಿತ್ತು ಅಂದರೆ ಇಷ್ಟು ದೂರ ಗ್ಯಾರಂಟಿ ಹೋಗಬಹುದು ಅಂತ ಅಪ್ಪನಿಗೆ ಗೊತ್ತಿತ್ತು. ಆ ಮಾತು ಒಂದು ದಿನವೂ ಬದಲಾಗಲಿಲ್ಲ.

ಈಗಿನ ಬೈಕುಗಳಲ್ಲಿ ಆ ನಲ್ಲಿ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಕಡ್ಡಾಯವಾದ ಮೇಲೆ ಹೆಚ್ಚುಕಡಿಮೆ ಎಲ್ಲ ಬೈಕಿಗೂ ಫ್ಯೂಯಲ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಅಳೆದು ಇಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ, ಬಂತು. ಪಂಪು ಟ್ಯಾಂಕಿನೊಳಗೇ ಕೂತು ತಳದಿಂದ ಎಳೆಯುತ್ತದೆ. ಹೊಗೆ ಕಡಿಮೆಯಾಯಿತು, ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎಲ್ಲ ಒಳ್ಳೆಯದೇ. ಆದರೆ ನಲ್ಲಿ ಹೋದ ಮೇಲೆ ನಮಗೆ ಉಳಿದಿರುವ ಒಂದೇ ಆಸರೆ ಈ ಮೀಟರ್. ಜೊತೆಗೆ ಆ ಪಂಪನ್ನು ತಣ್ಣಗಿಡುವುದೂ ಸುತ್ತ ಇರುವ ಪೆಟ್ರೋಲೇ. ಪೂರ್ತಿ ಖಾಲಿಯಾಗುವ ತನಕ ಓಡಿಸುವುದು ಪಂಪಿನ ಆರೋಗ್ಯಕ್ಕೆ ಒಳ್ಳೆಯದಲ್ಲ. ಅಂದರೆ ಹಿಂದಿಗಿಂತ ಈಗಲೇ ಮೀಟರ್ ಸರಿಯಾಗಿ ಇರಬೇಕಾದದ್ದು.

ಸದ್ಯಕ್ಕೆ ನಾನು ಟ್ರಿಪ್ ಮೀಟರನ್ನೇ, ಅಂದರೆ ಸೊನ್ನೆಯಿಂದ ಓಡಿದ ದೂರ ಎಣಿಸುವ ಮೀಟರನ್ನೇ ನಂಬುತ್ತೇನೆ. ಫುಲ್ ಟ್ಯಾಂಕ್ ಮಾಡಿಸಿ ಸೊನ್ನೆಗೆ ತರುವುದು, ಮತ್ತೆ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು ನೋಡುವುದು, ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸುವುದು. ಕೇಳೋಕೆ ಸುಲಭ. ಆದರೆ ಬಂಕಿನಲ್ಲಿ ಸೈಡ್ ಸ್ಟ್ಯಾಂಡ್ ಮೇಲೆ ತುಂಬಿಸಿದರೆ ಟ್ಯಾಂಕ್ ವಾಲಿಕೊಂಡು ಪೂರ್ತಿ ತುಂಬುವುದೇ ಇಲ್ಲ. ಬೈಕ್ ನೆಟ್ಟಗೆ ನಿಲ್ಲಬೇಕು, ಪ್ರತಿ ಸಲವೂ ಅದೇ ಮಟ್ಟಕ್ಕೆ ತುಂಬಬೇಕು. "ರೌಂಡ್ ಫಿಗರ್ ಮಾಡ್ಲಾ ಸರ್?" ಅಂತ ಹುಡುಗ ಕೇಳಿದರೆ ಬೇಡಪ್ಪಾ ಅಂತೀನಿ. ಐನೂರು ರೂಪಾಯಿದು ಹಾಕಿ ಅಂದರೆ ಲೆಕ್ಕ ಅಲ್ಲಿಗೇ ಕೆಟ್ಟಿತು.

ನನ್ನ ಬೈಕಿಗೆ 15 ಲೀಟರ್ ಟ್ಯಾಂಕು. ಲೀಟರಿಗೆ 30 ಕಿ.ಮೀ. ಅಂದರೆ 450 ಕಿ.ಮೀ. ಆಗಬೇಕು. ನಾನು 300ಕ್ಕೇ ಬಂಕ್ ಹುಡುಕುತ್ತೇನೆ. ಜಾಸ್ತಿ ಹುಷಾರು ಅನ್ನಿಸಬಹುದು, ಆದರೆ ಆ 30 ಕೂಡ ನಿಂತ ನೀರಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಜೂನ್, ಜುಲೈನಲ್ಲಿ ಆ ಬಯಲಿನಲ್ಲಿ ಅಡ್ಡಗಾಳಿ ಹೊಡೆಯುವಾಗ, ಎರಡೂ ಪಕ್ಕ ಪೆಟ್ಟಿಗೆ ಕಟ್ಟಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋದರೆ ಮೈಲೇಜ್ ಕಣ್ಣೆದುರೇ ಇಳಿಯುತ್ತದೆ. 80ರಲ್ಲಿ ಹೋಗುವುದಕ್ಕೂ 110ರಲ್ಲಿ ಹೋಗುವುದಕ್ಕೂ ಅಜಗಜಾಂತರ. ಮೇಲೆ ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟೇ ಶಕ್ತಿ. ಅದಕ್ಕೆಂದು ಹೊಂದಿಸದ ಹಳೆಯ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಟ್ರಿಪ್ ಮೀಟರ್ ಲೆಕ್ಕದಲ್ಲಿ ಬದುಕುವವರು ಇದನ್ನೂ ಕಳೆಯಬೇಕು.

ಹೆದ್ದಾರಿಯಲ್ಲಿ ಇದೆಲ್ಲ ದೊಡ್ಡ ವಿಷಯವಲ್ಲ, ಸ್ವಲ್ಪ ದೂರ ತಳ್ಳಿದರೆ ಬಂಕ್ ಸಿಗುತ್ತದೆ. ದಾಂಡೇಲಿಯಿಂದ ಜೋಯಿಡಾ, ಅಣಶಿ, ಕದ್ರಾ ಮೇಲೆ ಕಾರವಾರಕ್ಕೆ ಇಳಿಯುವ ದಾರಿ ಹಾಗಲ್ಲ. ಕಾಡು, ಮಳೆ, ತಿರುವು, ಮೊಬೈಲ್ ಸಿಗ್ನಲ್ ಬಂದು ಹೋಗುತ್ತದೆ. ನಾನು ಹೆಂಡತಿಯ ಜೊತೆ ಆ ಘಾಟ್ ಇಳಿಯುವಾಗ ಮೀಟರ್ ಇದ್ದಕ್ಕಿದ್ದಂತೆ ಒಂದು ಕಡ್ಡಿಗೆ ಬಿತ್ತು. ಅವಳು ಹೆಗಲ ಮೇಲಿಂದ ನೋಡಿ, "ರೀ, ಸಾಕಾಗುತ್ತಾ?" ಅಂದಳು. ದಾಂಡೇಲಿಯಲ್ಲಿ ತುಂಬಿಸಿದ್ದೆ, ಸಾಕಾಗುತ್ತದೆ ಅಂತ ಲೆಕ್ಕ ಹೇಳುತ್ತಿತ್ತು. ಆದರೂ ಕಾಳಿ ನದಿ ಕಾಣುವ ತನಕ ಇಬ್ಬರೂ ಕಾಡು ನೋಡಲಿಲ್ಲ, ಆ ಮಿನುಗುವ ಕಡ್ಡಿಯನ್ನೇ ನೋಡಿದೆವು. ಅಷ್ಟು ದೂರ ಹೋದದ್ದೇ ಕಾಡು ನೋಡೋಕೆ. ಆ ದಾರಿಯ ಸುಖ ನಮಗೆ ದಕ್ಕಲಿಲ್ಲ, ಅದರ ಬೇಸರ ನನಗಿನ್ನೂ ಹೋಗಿಲ್ಲ.

ಇಲ್ಲಿಂದ ಲಡಾಖಿಗೆ ಹೋಗುವವರಂತೂ ಈಗ ಎಷ್ಟೋ ಜನ. ಮನಾಲಿಯಿಂದ ಲೇಹ್ ದಾರಿಯಲ್ಲಿ ತಾಂಡಿ ಅನ್ನುವ ಜಾಗದ ಬಂಕ್ ಬಳಿಯ ಬೋರ್ಡನ್ನು ಫೋಟೋದಲ್ಲಾದರೂ ನೋಡಿರುತ್ತೀರಿ: ಮುಂದಿನ ಬಂಕ್ 365 ಕಿ.ಮೀ. ದೂರ. ಆ ಬೋರ್ಡ್ ಮುಂದೆ ನಿಂತವನಿಗೆ ಮೀಟರ್ ಒಂದು ಅಲಂಕಾರದ ವಸ್ತುವಲ್ಲ.

ಹಾಗಾದರೆ ಕಂಪನಿಗಳು ಏನು ಮಾಡಬೇಕು? ತೀರಾ ದೊಡ್ಡದೇನೂ ಬೇಡ. ಮೊದಲನೆಯದು, ಕಡ್ಡಿಗಳು ಹೇಗಾದರೂ ಕುಣಿಯಲಿ, ಪೆಟ್ರೋಲ್ ಮುಗಿಯುತ್ತಾ ಬಂತು ಅನ್ನುವ ದೀಪಕ್ಕೆ ಬೇರೆಯೇ ಸೆನ್ಸರ್ ಕೊಡಿ. ಇದು ಹೊಸ ಕಲ್ಪನೆಯಲ್ಲ. ಎಷ್ಟೋ ಬೈಕುಗಳಲ್ಲಿ ಥರ್ಮಿಸ್ಟರ್ ಅನ್ನುವ ಚಿಕ್ಕ ಗುಂಡಿ ಇರುತ್ತದೆ. ಪೆಟ್ರೋಲಿನಲ್ಲಿ ಮುಳುಗಿದ್ದಾಗ ತಣ್ಣಗಿರುತ್ತದೆ, ಮೇಲೆ ಬಂದರೆ ಬಿಸಿಯಾಗಿ ದೀಪ ಹತ್ತಿಸುತ್ತದೆ. ಅದರಲ್ಲಿ ಉಜ್ಜಿ ಸವೆಯುವ ಭಾಗವೇ ಇಲ್ಲ. ದೀಪ ಹತ್ತಿತು ಅಂದರೆ ಇಷ್ಟೇ ಲೀಟರ್ ಅಂತ ಕಣ್ಣುಮುಚ್ಚಿ ಹೇಳಬಹುದು. ನಮ್ಮಪ್ಪನ ರಿಸರ್ವ್ ಮಾಡುತ್ತಿದ್ದದ್ದೂ ಇದನ್ನೇ. ದೀಪ ಹತ್ತಿದ ಕ್ಷಣದಿಂದ ತಾನಾಗಿ ಕಿಲೋಮೀಟರ್ ಎಣಿಸುವ ಟ್ರಿಪ್ ಕೂಡ ಕೆಲವು ಬೈಕುಗಳಲ್ಲಿದೆ. ಟೂರಿಂಗ್ ಅಂತ ಹೆಸರಿಟ್ಟು ಮಾರುವ ಎಲ್ಲದರಲ್ಲೂ ಅದು ಇರಲಿ. ದೀಪ ಹತ್ತಿದಾಗ ಎಷ್ಟು ಲೀಟರ್ ಉಳಿದಿರುತ್ತದೆ ಅಂತ ಕೈಪಿಡಿಯಲ್ಲಿ ಅಚ್ಚು ಹಾಕಿ. ಫ್ಲೋಟನ್ನು ಬಿಡಿಯಾಗಿ ಮಾರಿ.

ಇದೇ ತೊಂದರೆ ಇರುವವರಿಗೆ ಎರಡು ಮಾತು. ಬಾಟಲಿಯಲ್ಲಿ ಪೆಟ್ರೋಲ್ ಇಟ್ಟುಕೊಂಡು ಓಡಾಡುವ ಅಭ್ಯಾಸ ಬೇಡ. ಬಿಸಿಲಿಗೆ ಆವಿ ಉಬ್ಬುತ್ತದೆ, ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಇರುತ್ತದೆ. ಬಂಕಿನವರು ಬಾಟಲಿಗೆ ಹಾಕಲ್ಲ ಅಂದರೆ ಜಗಳ ಮಾಡಬೇಡಿ, ಅವರು ಹೇಳುವುದು ಸರಿ. ಪೂರ್ತಿ ಖಾಲಿಯಾಗಿ ನಿಂತೇ ಬಿಟ್ಟರೆ, ಪೆಟ್ರೋಲ್ ಹಾಕಿದ ಕೂಡಲೇ ಸೆಲ್ಫ್ ಒತ್ತುತ್ತಾ ಬ್ಯಾಟರಿ ತಿನ್ನಬೇಡಿ. ಕೀ ಆನ್ ಮಾಡಿ, ಟ್ಯಾಂಕಿನೊಳಗೆ ಪಂಪಿನ ಗುಂಯ್ ಸದ್ದು ನಿಲ್ಲುವ ತನಕ ಕಾಯಿರಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಪೈಪಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುತ್ತದೆ, ಆಮೇಲೆ ಸ್ಟಾರ್ಟ್ ಮಾಡಿ.

ವಾರಂಟಿ ಇನ್ನೂ ಇರುವವರು ಸರ್ವೀಸ್ ಸೆಂಟರಿನಲ್ಲಿ ಬಾಯಿಮಾತಿನ ದೂರು ಕೊಟ್ಟು ಬರಬೇಡಿ. ಜಾಬ್ ಕಾರ್ಡಿನಲ್ಲಿ ಬರೆಸಿ, ಮೀಟರ್ ಕುಣಿಯುವ ವಿಡಿಯೋ ತೋರಿಸಿ, ಪ್ರತಿ ಸಲವೂ ಬರೆಸಿ. ನಿಮ್ಮ ಬೈಕಿನಲ್ಲಿ ಫ್ಲೋಟ್ ಬಿಡಿಯಾಗಿ ಸಿಕ್ಕಿದ್ದರೆ, ಎಲ್ಲಿ ಸಿಕ್ಕಿತು, ಎಷ್ಟಾಯಿತು ಅಂತ ಕೆಳಗೆ ಬರೆಯಿರಿ. ಹುಡುಕುತ್ತಿರುವವರು ನಾನೊಬ್ಬನೇ ಅಲ್ಲ.